ಗಾಯ ಕಂಡ ದಿನದಿಂದ ಕ್ಲಿನಿಕ್‌ನ ಮಂಗಳವಾರದವರೆಗೆ

ಮಲೆನಾಡಿನಲ್ಲಿ ಮಕ್ಕಳ ಮೈಮೇಲಿನ ಗೀರಿಗೆ ಕಾರಣ ಹುಡುಕುವುದು ಕಷ್ಟವಲ್ಲ. ಬೇಲಿಯ ಮುಳ್ಳು, ಇಂಬಳ, ದರಕು ಗುಡಿಸುವಾಗ ತಾಗಿದ ಕೊಂಬೆ, ಯಾವುದನ್ನು ಹೇಳಿದರೂ ನಂಬುವಂತಿರುತ್ತದೆ. ಮಗು ಬೇಕೆಂದೇ ತನ್ನ ಮೈಗೆ ತಾನು ಮಾಡಿಕೊಂಡ ಗಾಯ, ಅಂದರೆ ಸ್ವಯಂ ಹಾನಿ, ಇವುಗಳ ನಡುವೆ ಮರೆಯಾಗಿಬಿಡುತ್ತದೆ. ಸೆಖೆಯಲ್ಲೂ ತುಂಬುತೋಳಿನ ಅಂಗಿ ಹಾಕಿಕೊಂಡರೆ ಗಮನಿಸಿ ಎಂದು ಪೇಟೆಯ ಪೋಷಕರಿಗೆ ಹೇಳುವುದುಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲರೂ ಸ್ವೆಟರಿನೊಳಗೇ ಇರುವ ತೀರ್ಥಹಳ್ಳಿ, ಹೊಸನಗರದ ಕಡೆ ಆ ಸೂಚನೆ ನಡೆಯುವುದಿಲ್ಲ. ಆದ್ದರಿಂದ ವಿಷಯ ಹೊರಬೀಳುವುದು ಬಹಳ ಸಲ ಆಕಸ್ಮಿಕವಾಗಿ. ತಲೆಗೆ ಎಣ್ಣೆ ಹಚ್ಚುವಾಗ ಅಮ್ಮನ ಕಣ್ಣಿಗೆ ಬೀಳುತ್ತದೆ. ಹಾಸ್ಟೆಲ್‌ನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಗೆಳತಿ ನೋಡುತ್ತಾಳೆ.

ಅಲ್ಲಿಂದ ಮನೋವೈದ್ಯರ ಎದುರು ಕೂರುವವರೆಗೆ ಎಷ್ಟು ದಿನ? ಶಿವಮೊಗ್ಗ ಪೇಟೆಯಲ್ಲಿದ್ದರೆ ಅದೇ ದಿನ ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಬಹುದು. ಸಾಗರದವರಿಗೆ ಅದು 70 ಕಿಲೋಮೀಟರಿನಾಚೆ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ 2025ರ ಜುಲೈನಲ್ಲಿ ಅಂಬಾರಗೋಡ್ಲು ಸೇತುವೆ ಆಗುವ ತನಕ ಸಂಜೆಯ ಕೊನೆಯ ಲಾಂಚ್ ಹೋದಮೇಲೆ ಪೇಟೆಯ ದಾರಿಯೇ ಮುಚ್ಚಿದಂತಿತ್ತು. ಮಳೆ, ಬಸ್ಸು, ಕೊಯ್ಲಿನ ಕೆಲಸ, 'ನಾಲ್ಕು ಜನ ಏನಂದಾರು' ಎಂಬ ಅಂಜಿಕೆ ಎಲ್ಲ ಸೇರಿ ಆ ಅಂತರ ವಾರಗಳಿಗೆ ಹಿಗ್ಗುತ್ತದೆ. ಮಗು ಮತ್ತೆ ಬಾಯಿ ಬಿಡುವುದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಈ ದಿನಗಳಲ್ಲಿಯೇ, ವೈದ್ಯರು ಕಾಣುವುದಕ್ಕೂ ಮೊದಲು. ಆ ದಿನಗಳಲ್ಲಿ ಮನೆ ಮತ್ತು ಹಾಸ್ಟೆಲ್ ಏನು ಮಾಡಬೇಕು ಎನ್ನುವುದೇ ಇಲ್ಲಿಯ ವಿಷಯ.

ಇದು ಏನು, ಏನಲ್ಲ

ಸ್ವಯಂ ಹಾನಿ ಎಂದರೆ ಬೇಕೆಂದೇ ತನ್ನ ಮೈಗೆ ತಾನು ನೋವು ಮಾಡಿಕೊಳ್ಳುವುದು. ಸಾಯುವ ಉದ್ದೇಶ ಇಲ್ಲದೆಯೂ ಇದು ನಡೆಯುತ್ತದೆ. ಹೆಚ್ಚಿನವರಲ್ಲಿ ಶುರುವಾಗುವುದು 12ರಿಂದ 14ರ ಪ್ರಾಯದಲ್ಲಿ, ಅಂದರೆ ಏಳನೇ ತರಗತಿಯಿಂದ ಹೈಸ್ಕೂಲಿನ ನಡುವೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಹರೆಯದವರಲ್ಲಿ ಸುಮಾರು 17% ಮಂದಿ ಒಮ್ಮೆಯಾದರೂ ಹೀಗೆ ಮಾಡಿಕೊಂಡಿರುತ್ತಾರೆ. 40 ಮಕ್ಕಳ ತರಗತಿಗೆ ಅದು ಆರೇಳು ಮಕ್ಕಳ ಲೆಕ್ಕ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರೆಂದು ದಾಖಲಿಸಿದೆ. ಅದು ಸಾವಿನ ಲೆಕ್ಕ. ಸ್ವೆಟರಿನೊಳಗೆ ಉಳಿದ ಗಾಯಗಳು ಠಾಣೆಗೂ ಹೋಗುವುದಿಲ್ಲ, ಆಸ್ಪತ್ರೆಯ ಪುಸ್ತಕಕ್ಕೂ ಹತ್ತುವುದಿಲ್ಲ.

ಯಾಕೆ ಮಾಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಮನೆಗಳಲ್ಲಿ ಸಿಗುವ ಉತ್ತರ ಒಂದೇ: 'ನಾಟಕ, ಎಲ್ಲರೂ ತನ್ನನ್ನೇ ನೋಡಲಿ ಅಂತ.' ನೋಡಲಿ ಎಂದಿದ್ದರೆ ವರ್ಷಗಟ್ಟಲೆ ಮುಚ್ಚಿಡುತ್ತಿರಲಿಲ್ಲ. ತಡೆಯಲಾರದಷ್ಟು ಅವಮಾನ, ಸಿಟ್ಟು, ತನ್ನ ಮೇಲಿನ ಜಿಗುಪ್ಸೆ ಉಕ್ಕಿ ಬಂದಾಗ ಅದನ್ನು ಇಳಿಸಿಕೊಳ್ಳುವ ಬೇರೆ ದಾರಿ ಆ ಮಗುವಿಗೆ ಗೊತ್ತಿರುವುದಿಲ್ಲ. ಕೆಲವರಿಗೆ ಇದಕ್ಕೆ ವಿರುದ್ಧವಾದದ್ದು ಕಾಡುತ್ತದೆ: ಒಳಗೆಲ್ಲ ಮರಗಟ್ಟಿದಂತೆ, ಏನೂ ಅನ್ನಿಸದಂತೆ. ಗಾಯದ ನೋವು ಇಳಿಯುವಾಗ ಮನಸ್ಸಿನ ಒತ್ತಡವೂ ಸ್ವಲ್ಪ ಹೊತ್ತು ಇಳಿದಂತೆ ಆಗುತ್ತದೆ, ಮಿದುಳು ಅದನ್ನು ನೆನಪಿಟ್ಟುಕೊಳ್ಳುತ್ತದೆ. ಆ ಸಮಾಧಾನ ಬೇಗ ಮುಗಿಯುತ್ತದೆ. ಅದರ ಹಿಂದೆಯೇ ಬರುವ ನಾಚಿಕೆ ದಿನಗಟ್ಟಲೆ ಉಳಿದು, ಮುಂದಿನ ಸಲದ ಒತ್ತಡಕ್ಕೆ ತಾನೇ ಕಾರಣವಾಗುತ್ತದೆ. ಬೈಗುಳ ಈ ಚಕ್ರವನ್ನು ಇನ್ನಷ್ಟು ಜೋರಾಗಿ ತಿರುಗಿಸುವುದು ಇದಕ್ಕೇ. ನಾಚಿಕೆಯಿಂದ ಹುಟ್ಟಿದ್ದಕ್ಕೆ ಇನ್ನಷ್ಟು ನಾಚಿಕೆಯನ್ನೇ ಕೊಟ್ಟಂತಾಗುತ್ತದೆ.

ಸಾಯುವ ಉದ್ದೇಶ ಇರಲಿಲ್ಲ ಎಂದು ತಿಳಿದು ನಿರಾಳವಾಗುವ ಹಾಗೂ ಇಲ್ಲ. ಪದೇಪದೇ ಗಾಯ ಮಾಡಿಕೊಳ್ಳುವವರಲ್ಲಿ ಮುಂದೆ ಆತ್ಮಹತ್ಯೆಯ ಅಪಾಯ ಉಳಿದವರಿಗಿಂತ ಹೆಚ್ಚು. ಎರಡೂ ಒಂದೇ ಅಲ್ಲ, ಹಾಗೆಂದು ಸಂಬಂಧವಿಲ್ಲದವೂ ಅಲ್ಲ.

ಮೊದಲ ಅರ್ಧ ಗಂಟೆ

ಮೊದಲು ಗಾಯ, ಆಮೇಲೆ ಮಾತು. ರಕ್ತ ಬರುತ್ತಿದ್ದರೆ ತೊಳೆದು ಒಣಗಿಸಿದ ಬಟ್ಟೆಯಿಂದ 10 ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ನಿಂತಿತೇ ಎಂದು ನಡುನಡುವೆ ತೆಗೆದು ನೋಡಿದರೆ ಹೆಪ್ಪುಗಟ್ಟಿದ್ದು ಕಿತ್ತುಬರುತ್ತದೆ. ನಿಂತ ಮೇಲೆ ಹರಿಯುವ ಶುದ್ಧ ನೀರಿನಲ್ಲಿ ತೊಳೆದು ಬ್ಯಾಂಡೇಜು ಕಟ್ಟಿ. ಕಾಫಿಪುಡಿ, ಅರಿಶಿನ, ಸುಣ್ಣ ಯಾವುದೂ ಬೇಡ, ಅವು ಗಾಯದೊಳಗೆ ಕೂತು ಸೋಂಕಿಗೆ ದಾರಿ ಮಾಡುತ್ತವೆ. ಒತ್ತಿದರೂ ರಕ್ತ ನಿಲ್ಲದಿದ್ದರೆ, ಗಾಯದ ಬಾಯಿ ತೆರೆದುಕೊಂಡಿದ್ದರೆ, ಬೆರಳುಗಳಿಗೆ ಸ್ಪರ್ಶ ತಿಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ. ಟಿಟಿ ಚುಚ್ಚುಮದ್ದು ಯಾವಾಗ ಆಗಿತ್ತೆಂದು ಅಲ್ಲಿ ಕೇಳುತ್ತಾರೆ, ನೆನಪಿಲ್ಲದಿದ್ದರೆ ನೆನಪಿಲ್ಲ ಎಂದೇ ಹೇಳಿ.

ಏನಾದರೂ ಕುಡಿದಿರಬಹುದು, ಮಾತ್ರೆ ನುಂಗಿರಬಹುದು ಎಂಬ ಸಂಶಯ ಇದ್ದರೆ ಲೆಕ್ಕ ಬೇರೆ. ನಮ್ಮ ಕಡೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ರೂಢಿ ಇದೆ. ಅದು ತಪ್ಪು. ವಾಂತಿ ಶ್ವಾಸನಾಳಕ್ಕೆ ಇಳಿಯಬಹುದು, ಕೆಲವು ಪದಾರ್ಥಗಳು ಹೊರಬರುವಾಗ ಗಂಟಲನ್ನು ಎರಡನೇ ಸಲ ಸುಡುತ್ತವೆ. 108ಕ್ಕೆ ಕರೆ ಮಾಡಿ, ಖಾಲಿ ಬಾಟಲಿಯನ್ನೋ ಮಾತ್ರೆಯ ಹಾಳೆಯನ್ನೋ ಜೊತೆಗೆ ಒಯ್ಯಿರಿ. ಆಂಬುಲೆನ್ಸ್ ಬರುವುದು ತಡವೆಂದಾದರೆ ಸಿಕ್ಕ ವಾಹನದಲ್ಲಿ ಹೊರಡಿ. 'ಈಗ ಆರಾಮಾಗಿ ಮಾತಾಡ್ತಿದ್ದಾನೆ, ಬೆಳಿಗ್ಗೆ ನೋಡಿದರಾಯ್ತು' ಎಂಬ ಮಾತು ಎಷ್ಟೋ ಜೀವಗಳನ್ನು ಕಳೆದಿದೆ. ಹೊರಗೆ ಏನೂ ಕಾಣದಿರುವಾಗಲೇ ಯಕೃತ್ತಿಗೋ ಶ್ವಾಸಕೋಶಕ್ಕೋ ಹಾನಿ ಆಗುತ್ತಿರಬಹುದು.

ಪೊಲೀಸ್ ಕೇಸಿನ ಭಯದಿಂದ ಮುಚ್ಚಿಡುವವರೂ ಇದ್ದಾರೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 115ನೇ ಕಲಂ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎನ್ನುತ್ತದೆ. ಆತ್ಮಹತ್ಯೆಯ ಯತ್ನವನ್ನು ಅಪರಾಧ ಎನ್ನುತ್ತಿದ್ದ, ಹಳೆಯ ದಂಡ ಸಂಹಿತೆಯ 309ನೇ ಕಲಂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಆಸ್ಪತ್ರೆಯವರು ಎಂಎಲ್‌ಸಿ (ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣ) ಎಂದು ಬರೆದುಕೊಳ್ಳುವುದು ದಾಖಲೆಗಾಗಿ. ಅದಕ್ಕೆ ಹೆದರಿ 'ಜಾರಿ ಬಿದ್ದ' ಎಂದು ಸುಳ್ಳು ಹೇಳಿದರೆ ವೈದ್ಯರು ತಪ್ಪು ದಿಕ್ಕಿನಲ್ಲಿ ಹುಡುಕುತ್ತಾರೆ, ಸಮಯ ಹೋಗುವುದು ಮಗುವಿನದು.

ಇನ್ನು ಮಾತು. ಗಾಯಕ್ಕೆ ಬಟ್ಟೆ ಕಟ್ಟಿದ ಮೇಲೆ ಬಚ್ಚಲೋ ಜಗಲಿಯೋ, ಬೇರೆಯವರು ಇಲ್ಲದ ಜಾಗದಲ್ಲಿ, ಎದುರಾಎದುರು ಅಲ್ಲದೆ ಪಕ್ಕದಲ್ಲಿ ಕೂತು ಮಾತಾಡಿ. 'ಪುಟ್ಟಿ, ಕೈ ನೋಡಿದೆ. ಬೈಯೋಕೆ ಕೇಳ್ತಿಲ್ಲ. ತುಂಬಾ ಕಷ್ಟ ಆಗಿರಬೇಕು ನಿಂಗೆ. ಈಗಲೇ ಎಲ್ಲ ಹೇಳಬೇಕು ಅಂತಿಲ್ಲ, ನಾನಿಲ್ಲೇ ಇರ್ತೀನಿ.' ಇಷ್ಟು ಸಾಕು. 'ನಿಂಗೆ ಏನು ಕಡಿಮೆ ಮಾಡಿದ್ವಿ?' ಎಂಬ ಪ್ರಶ್ನೆ ಅಪ್ಪಅಮ್ಮನ ಸಂಕಟದಿಂದ ಬರುತ್ತದೆ ಎಂಬುದು ನಿಜ. ಮಗುವಿನ ಕಿವಿಗೆ ಮಾತ್ರ ಅದು ಆರೋಪ. 'ಯಾಕೆ ಮಾಡ್ಕೊಂಡೆ?' ಎಂಬುದಕ್ಕೂ ಅದರ ಹತ್ತಿರ ಉತ್ತರ ಇರುವುದಿಲ್ಲ. 'ಅದಕ್ಕೆ ಮುಂಚೆ ಏನಾಯ್ತು?' ಎಂದು ಕೇಳಿದರೆ ಉತ್ತರ ಸಿಗಬಹುದು.

ಒಂದು ಪ್ರಶ್ನೆಯನ್ನು ಮಾತ್ರ ಸುತ್ತಿ ಬಳಸದೆ ಕೇಳಲೇಬೇಕು: 'ಸಾಯಬೇಕು ಅಂತ ಅನ್ಸಿದ್ಯಾ?' ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂಬ ಹೆದರಿಕೆ ಎಲ್ಲರಿಗೂ ಇದೆ. ಸಂಶೋಧನೆಗಳಲ್ಲಿ ಹಾಗೆ ಕಂಡುಬಂದಿಲ್ಲ. ಕೇಳಿಸಿಕೊಂಡವರಿಗೆ ಭಾರ ಇಳಿದಂತಾಗುವುದೇ ಹೆಚ್ಚು. ಉತ್ತರ 'ಹೌದು' ಎಂದಾದರೆ, ಹೇಗೆ, ಯಾವಾಗ ಎಂದು ಯೋಚಿಸಿಟ್ಟಿದ್ದಾರೆ ಎಂದು ಗೊತ್ತಾದರೆ, ಆ ರಾತ್ರಿ ಒಂಟಿಯಾಗಿ ಬಿಡಬೇಡಿ. ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಕ್ಲಿನಿಕ್‌ವರೆಗೆ ಕಾಯುವುದೂ ಬೇಡ, ಅಂದೇ ಆಸ್ಪತ್ರೆಗೆ ಹೊರಡಿ.

ಆಣೆ ಹಾಕಿಸಬೇಡಿ. 'ಇನ್ನು ಮುಂದೆ ಮಾಡಲ್ಲ ಅಂತ ದೇವರ ಮುಂದೆ ಹೇಳು' ಎಂದು ದೀಪದೆದುರು ನಿಲ್ಲಿಸಿದಾಗ ಮಗು ಹೇಳುತ್ತದೆ, ಮನಸ್ಸಿನಿಂದಲೇ ಹೇಳುತ್ತದೆ. ಒತ್ತಡ ತಿರುಗಿ ಬಂದಾಗ ಆಣೆ ಮುರಿಯುತ್ತದೆ. ಆಗ ಗಾಯದ ಜೊತೆ ದೇವರಿಗೆ ದ್ರೋಹ ಮಾಡಿದೆನೆಂಬ ಭಯವೂ ಸೇರಿ ಮುಚ್ಚಿಡುವುದು ದುಪ್ಪಟ್ಟಾಗುತ್ತದೆ. ಚೌಡಿಗೆ ಹರಕೆ ಹೊರುವುದಾಗಲಿ, ಅಂತ್ರ ಕಟ್ಟಿಸುವುದಾಗಲಿ ಮನೆಯವರಿಗೆ ಧೈರ್ಯ ಕೊಡುವುದಾದರೆ ಅದಕ್ಕಾಗಿ ಜಗಳ ಬೇಡ. ಮಗುವನ್ನು ನೋಟದವರ ಮುಂದೆ ಕೂರಿಸಿ ಹತ್ತು ಜನರೆದುರು ಪ್ರಶ್ನೆ ಕೇಳಿಸುವುದು ಮಾತ್ರ ಬೇಡ, ಆಸ್ಪತ್ರೆಯ ದಿನವನ್ನು ಅದಕ್ಕಾಗಿ ಮುಂದೂಡುವುದೂ ಬೇಡ.

ಬೀಗ

ಅಡಿಕೆ, ಭತ್ತ, ಶುಂಠಿ ಬೆಳೆಯುವ ಮನೆಗಳಲ್ಲಿ ಕಳೆನಾಶಕ, ಕೀಟನಾಶಕ ಇಡುವ ಜಾಗ ಕೊಟ್ಟಿಗೆಯ ಅಟ್ಟವೋ ಬಚ್ಚಲುಮನೆಯ ಗೂಡೋ ಆಗಿರುತ್ತದೆ. ಈ ಲೇಖನ ಓದಿ ಇವತ್ತು ಒಂದೇ ಕೆಲಸ ಮಾಡುವುದಾದರೆ ಅದಕ್ಕೆ ಬೀಗ ಹಾಕಿ.

ಇದು ಸಣ್ಣ ಉಪಾಯದಂತೆ ಕಾಣುತ್ತದೆ. ಆದರೆ ಹರೆಯದವರಲ್ಲಿ ಸಾಯಬೇಕೆಂಬ ತೀವ್ರ ತುಡಿತ ಬಹಳ ಸಲ ನಿಮಿಷಗಳಲ್ಲೋ ಒಂದೆರಡು ಗಂಟೆಗಳಲ್ಲೋ ಏರಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಕೈಗೆ ಏನು ಸಿಕ್ಕಿತು ಎಂಬುದೇ ಉಳಿವು ಅಳಿವನ್ನು ತೀರ್ಮಾನಿಸುತ್ತದೆ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿದ ಮೇಲೆ ಅಲ್ಲಿಯ ಆತ್ಮಹತ್ಯೆಯ ಸಾವುಗಳು 1995ರ ಮಟ್ಟಕ್ಕಿಂತ ಬಹಳಷ್ಟು ತಗ್ಗಿದವು. ಅಲ್ಲಿ ಜನರ ಕಷ್ಟಗಳು ಮಾಯವಾಗಿರಲಿಲ್ಲ, ಕೈಗೆ ಸಿಗುವ ಪದಾರ್ಥ ಬದಲಾಗಿತ್ತು.

ಮಾಡುವ ರೀತಿ ಹೀಗೆ. ಆ ಹಂಗಾಮಿಗೆ ಬೇಕಾದಷ್ಟೇ ತನ್ನಿ, ಸಾಧ್ಯವಾದರೆ ಸಿಂಪಡಿಸುವ ಹಿಂದಿನ ದಿನ. ಉಳಿದದ್ದನ್ನು ಮನೆಯಿಂದ ದೂರದ ಪಂಪ್‌ಶೆಡ್ಡಿನಲ್ಲಿ ಕಬ್ಬಿಣದ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿ. ಕೀಲಿ ಒಬ್ಬ ಹಿರಿಯರ ಹತ್ತಿರ ಇರಲಿ, ದೇವರಕೋಣೆಯ ಮೊಳೆಯಲ್ಲಿ ಅಲ್ಲ, ಅದು ಮನೆಮಂದಿಗೆಲ್ಲ ಗೊತ್ತಿರುವ ಜಾಗ. ಕುಡಿಯುವ ನೀರಿನ ಬಾಟಲಿಗೆ ಯಾವತ್ತೂ ಸುರಿದಿಡಬೇಡಿ. ಅಜ್ಜನ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ, ಜ್ವರದ ಮಾತ್ರೆ ಎಲ್ಲಕ್ಕೂ ಇದೇ ಕ್ರಮ: ವಾರಕ್ಕೆ ಬೇಕಾದಷ್ಟು ಹೊರಗೆ, ಉಳಿದದ್ದು ಕಪಾಟಿನೊಳಗೆ. ಹರಿತವಾದ ವಸ್ತುಗಳನ್ನು ಮಗುವಿನ ಕೋಣೆಯಿಂದ ತೆಗೆಯುವಾಗ ಕದ್ದು ತೆಗೆಯಬೇಡಿ, ಕೋಣೆ ಜಾಲಾಡಬೇಡಿ. 'ಸ್ವಲ್ಪ ದಿನ ಇದೆಲ್ಲ ನನ್ನ ಹತ್ರ ಇರಲಿ, ಅಲ್ವಾ?' ಎಂದು ಕೇಳಿದರೆ ಹೆಚ್ಚಿನ ಮಕ್ಕಳು ಒಪ್ಪುತ್ತಾರೆ. ಕೆಲವರಿಗೆ ಅದರಿಂದ ಹಗುರವೂ ಆಗುತ್ತದೆ.

'ಬೇಜಾರು' ಎಂಬ ಒಂದೇ ಪದ

ನಮ್ಮ ಮಕ್ಕಳಿಗೆ ಎಲ್ಲದಕ್ಕೂ ಒಂದೇ ಪದ: ಬೇಜಾರು. ಅಳು ಬಂದರೆ ಬೇಜಾರು, ಹೊತ್ತು ಹೋಗದಿದ್ದರೆ ಬೇಜಾರು, ಅಪ್ಪ ಕುಡಿದು ಬಂದರೂ ಬೇಜಾರು, ಲೆಕ್ಕದ ಮೇಷ್ಟ್ರು ಎಲ್ಲರೆದುರು ಅಂಕ ಓದಿದರೂ ಬೇಜಾರು. ಹೆಸರಿಲ್ಲದ ಭಾವನೆ ಮೈಯಲ್ಲಿ ಉಳಿಯುತ್ತದೆ. ಆಪ್ತಸಮಾಲೋಚಕರು ಮೊದಲ ಭೇಟಿಗಳಲ್ಲಿ ಮಾಡುವ ಕೆಲಸದಲ್ಲಿ ದೊಡ್ಡ ಪಾಲು ಈ ಒಂದು ಪದವನ್ನು ಬಿಡಿಸುವುದೇ. ಅವಮಾನವೋ, ಹೊಟ್ಟೆಕಿಚ್ಚೋ, ಒಂಟಿತನವೋ, ಭಯವೋ, ತಪ್ಪು ಮಾಡಿದೆನೆಂಬ ಕೊರಗೋ? ಎದೆಯಲ್ಲೋ, ಗಂಟಲಲ್ಲೋ, ಹೊಟ್ಟೆಯಲ್ಲೋ? ಹತ್ತಕ್ಕೆ ಎಷ್ಟು? ಇದನ್ನು ಅಕ್ಕನೋ ಚಿಕ್ಕಮ್ಮನೋ ಮನೆಯಲ್ಲೂ ಶುರುಮಾಡಬಹುದು.

ತುಡಿತ ಅಲೆಯಂತೆ ಬರುತ್ತದೆ: ಏರುತ್ತದೆ, ತುದಿ ಮುಟ್ಟುತ್ತದೆ, ಏನೂ ಮಾಡದಿದ್ದರೂ ಇಳಿಯುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞೆ ಮಾರ್ಷಾ ಲಿನೆಹಾನ್ ರೂಪಿಸಿದ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ಚಿಕಿತ್ಸಾ ಕ್ರಮ ಆ ಅಲೆಯನ್ನು ದಾಟುವ ಕೌಶಲಗಳನ್ನು ಕಲಿಸುತ್ತದೆ. ಪೂರ್ತಿ ಚಿಕಿತ್ಸೆಗೆ ತಜ್ಞರೇ ಬೇಕು, ಕೆಲವು ಭಾಗಗಳಿಗೆ ಯಾರೂ ಬೇಡ. ಮೊದಲನೆಯದು 15 ನಿಮಿಷದ ಒಪ್ಪಂದ: 'ಮಾಡಲ್ಲ' ಎಂದು ಹೇಳಿಕೊಳ್ಳುವುದು ಬೇಡ, 'ಇನ್ನು 15 ನಿಮಿಷ ಮಾಡಲ್ಲ' ಎಂದುಕೊಂಡರೆ ಸಾಕು, ಮುಗಿದ ಮೇಲೆ ಇನ್ನೊಂದು 15. ಆ ಹೊತ್ತಿನಲ್ಲಿ ಬಾವಿಯ ತಣ್ಣೀರನ್ನು ಬಕೆಟಿಗೆ ತುಂಬಿ, ಉಸಿರು ಹಿಡಿದು, ಮುಖವನ್ನು 15ರಿಂದ 30 ಸೆಕೆಂಡು ಅದ್ದಿದರೆ ಹೃದಯದ ಬಡಿತ ಇಳಿಯುತ್ತದೆ. ಹೃದಯದ ತೊಂದರೆ ಇರುವವರು, ಊಟ ಬಿಟ್ಟು ಮೈ ಇಳಿಸಿಕೊಂಡವರು ಇದನ್ನು ಮಾಡಬಾರದು. ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಎಳೆದು, ಆರು ಎಣಿಸುವಷ್ಟು ಹೊತ್ತು ಬಿಡುವುದನ್ನು ಐದು ನಿಮಿಷ ಮಾಡಬಹುದು. ದರೆ ಹತ್ತಿ ಇಳಿಯುವಷ್ಟು ಜೋರಾಗಿ ನಡೆದರೂ ಆಯಿತು, ಜೊತೆಗೆ ಯಾರಾದರೂ ಇರಲಿ. ಇವು ಶಾಂತವಾಗಿದ್ದಾಗ ಹತ್ತಾರು ಸಲ ಮಾಡಿ ರೂಢಿಯಾಗಿದ್ದರೆ ಮಾತ್ರ ಅಲೆಯ ನಡುವೆ ನೆನಪಾಗುತ್ತವೆ. ಒಂದು ಸಲ ಮಾಡಿ 'ಏನೂ ಆಗ್ಲಿಲ್ಲ' ಎಂದು ಬಿಡುವುದೇ ಸಾಮಾನ್ಯ ಸೋಲು. ಗಾಯದ ಬದಲು ಸಣ್ಣ ನೋವು ಕೊಟ್ಟುಕೊಳ್ಳುವ ಉಪಾಯಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಅವನ್ನು ಹೇಳಿಕೊಡಬೇಡಿ, ಅವು ನೋವಿನಿಂದಲೇ ಸಮಾಧಾನ ಎಂಬ ಪಾಠವನ್ನು ಗಟ್ಟಿ ಮಾಡುತ್ತವೆ.

ಇವನ್ನೆಲ್ಲ ಒಂದು ಹಾಳೆಯಲ್ಲಿ, ಮಗುವಿನ ಕೈಬರಹದಲ್ಲಿ ಬರೆಸಿಡುವುದಕ್ಕೆ ಸುರಕ್ಷತಾ ಯೋಜನೆ ಎನ್ನುತ್ತಾರೆ. ಮೊದಲು ತನಗೆ ಅಲೆ ಬರುತ್ತಿದೆ ಎಂಬುದರ ಗುರುತು, ಆಮೇಲೆ ಒಬ್ಬರೇ ಮಾಡಬಹುದಾದದ್ದು, ಆಮೇಲೆ ಮನಸ್ಸು ಬೇರೆ ಕಡೆ ಹೋಗುವ ಜಾಗ ಮತ್ತು ಜನ, ಆಮೇಲೆ ವಿಷಯ ಹೇಳಿಕೊಳ್ಳಬಹುದಾದ ಒಬ್ಬಿಬ್ಬರ ಫೋನ್ ನಂಬರು, ಆಮೇಲೆ ಆಸ್ಪತ್ರೆ ಮತ್ತು ಸಹಾಯವಾಣಿ, ಕೊನೆಗೆ ಬೀಗದ ವಿಷಯ. ಉದಾಹರಣೆಗೆ, ಹಳ್ಳಿಯಿಂದ ಬಂದು ಶಿವಮೊಗ್ಗದಲ್ಲಿ ಪಿಯು ಓದುವ ಹುಡುಗಿಗೆ ಭಾನುವಾರ ಸಂಜೆ ಊರಿಂದ ಹಾಸ್ಟೆಲಿಗೆ ಮರಳುವ ಬಸ್ಸಿನಲ್ಲೇ ಅಲೆ ಏಳುತ್ತದೆ ಎಂದಿಟ್ಟುಕೊಳ್ಳಿ. ಆಗ ಹಾಳೆಯ ಮೊದಲ ಸಾಲು 'ಭಾನುವಾರ ಸಂಜೆ, ಗಂಟಲು ಕಟ್ಟಿದ ಹಾಗೆ' ಎಂದೇ ಇರಬೇಕು. 'ಬೇಜಾರಾದಾಗ' ಎಂದು ಬರೆದರೆ ಯಾವ ಉಪಯೋಗವೂ ಇಲ್ಲ. ನೆಟ್‌ವರ್ಕ್ ಸಿಗದ ಮನೆಯಾದರೆ ನಂಬರಿನ ಪಕ್ಕದಲ್ಲಿ ಎಲ್ಲಿ ನಿಂತರೆ ಸಿಗ್ನಲ್ ಬರುತ್ತದೆ ಎಂಬುದನ್ನೂ, ರಾತ್ರಿ ಅಲ್ಲಿಗೆ ಹೋಗಲಾಗದಿದ್ದರೆ ಮನೆಯೊಳಗೆ ಯಾರನ್ನು ಎಬ್ಬಿಸಬೇಕು ಎಂಬುದನ್ನೂ ಬರೆಯಿರಿ.

ಹಾಸ್ಟೆಲ್, ಶಾಲೆ

ಏಳನೆಯದೋ ಹತ್ತನೆಯದೋ ಮುಗಿಯುತ್ತಲೇ ಮನೆ ಬಿಡುವುದು ಮಲೆನಾಡಿನ ಒಂಟಿಮನೆಗಳ ಮಕ್ಕಳಿಗೆ ಅನಿವಾರ್ಯ. ಹಾಸ್ಟೆಲ್‌ಗಳಲ್ಲಿ ಆಗುವ ತಪ್ಪುಗಳು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ: ಪ್ರಾರ್ಥನೆಯ ವೇಳೆ ಎಲ್ಲರ ಕೈ ಪರೀಕ್ಷಿಸುವುದು, ಹೆಸರು ಹೇಳದೆಯೂ ಎಲ್ಲರಿಗೂ ಗೊತ್ತಾಗುವಂತೆ ಭಾಷಣ ಮಾಡುವುದು, ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸುವುದು. ಮುಚ್ಚಳಿಕೆ ಕಾಪಾಡುವುದು ವಾರ್ಡನ್‌ರನ್ನು, ಮಗುವನ್ನಲ್ಲ. ಒಬ್ಬರಿಂದ ಒಬ್ಬರಿಗೆ ಇದು ಹರಡುವುದುಂಟು, ಆದ್ದರಿಂದ ಗುಂಪಿನಲ್ಲಿ ಗಾಯದ ವಿವರ ಮಾತಾಡದೆ, ಹತ್ತಿರದ ಗೆಳೆಯರನ್ನು ಒಬ್ಬೊಬ್ಬರನ್ನಾಗಿ ಕರೆದು ವಿಚಾರಿಸಬೇಕು. 'ಯಾರಿಗೂ ಹೇಳಬೇಡ' ಎಂಬ ಗುಟ್ಟನ್ನು ಹೊತ್ತ ಗೆಳತಿಗೂ ನಿದ್ದೆ ಇರುವುದಿಲ್ಲ. ಹೇಳಿದ್ದು ಚಾಡಿಯಲ್ಲ ಎಂದು ಆಕೆಗೆ ಬಾಯಿಬಿಟ್ಟು ಹೇಳಬೇಕು.

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ನೀಡಿದ ಮಾರ್ಗಸೂಚಿಗಳ ಪ್ರಕಾರ 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರೋ ಮನಃಶಾಸ್ತ್ರಜ್ಞರೋ ಸಮಾಜಕಾರ್ಯಕರ್ತರೋ ಒಬ್ಬರಾದರೂ ಇರಬೇಕು. ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಇಟ್ಟುಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಆಗಬೇಕು, ಹಾಸ್ಟೆಲ್ ಮತ್ತು ತರಗತಿಗಳಲ್ಲಿ ಸಹಾಯವಾಣಿಯ ಸಂಖ್ಯೆ ಕಾಣುವಂತಿರಬೇಕು. ಪೋಷಕರು ಸಭೆಯಲ್ಲಿ ಇದನ್ನು ಕೇಳಬೇಕು, ಕೇಳುವುದು ಹಕ್ಕು. ಕಾಡಿಗೆ ಹೋಗುವವರಿಗೆ ಉಣ್ಣಿ ಕಚ್ಚದಂತೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ ಕೊಡಬೇಕೆಂಬುದು ಮಂಗನ ಕಾಯಿಲೆ ನೋಡಿದ ಊರುಗಳಲ್ಲಿ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಹಾಸ್ಟೆಲಿಗೆ ಸಮಾಲೋಚಕರು ಬೇಕೆಂಬುದೂ ಅಷ್ಟೇ ಸಹಜ ಬೇಡಿಕೆ ಆಗಬೇಕು.

ಫಲಿತಾಂಶದ ವಾರಗಳಲ್ಲಿ ಇನ್ನೊಂದು ಮಾತು ಕೆಲಸಕ್ಕೆ ಬರುತ್ತದೆ. 2024ರಿಂದ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಗೆ ಅದೇ ವರ್ಷ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯಬಹುದು. ಇದನ್ನು ಫಲಿತಾಂಶ ಬರುವ ಮೊದಲೇ ಮನೆಯಲ್ಲಿ ಹೇಳಿಡಿ, ಫೇಲ್ ಆದ ಸಂಜೆ ಹೇಳಿದರೆ ಕಿವಿಗೆ ಬೀಳುವುದಿಲ್ಲ.

ಮಾತಾಡುವಾಗ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ, 18 ತುಂಬದ ಮಗುವಾದರೆ, ಪೋಕ್ಸೊ ಕಾಯ್ದೆಯಡಿ ತಿಳಿಸುವುದು ಕಡ್ಡಾಯ. 'ಯಾರಿಗೂ ಹೇಳಲ್ಲ' ಎಂಬ ಮಾತನ್ನು ಮೊದಲೇ ಕೊಡಬೇಡಿ, 'ನಿನ್ನ ಸುರಕ್ಷತೆಗೆ ಬೇಕಾದಷ್ಟು ಜನಕ್ಕೆ ಮಾತ್ರ ಹೇಳ್ತೀನಿ' ಎನ್ನಿ. ಮಕ್ಕಳ ಸಹಾಯವಾಣಿ 1098.

ಮಂಗಳವಾರ

ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಸುವ ಏರ್ಪಾಡು ರಾಜ್ಯದಲ್ಲಿದೆ. ನಿಮ್ಮ ತಾಲ್ಲೂಕಿಗೆ ಮನೋವೈದ್ಯರು ಬರುವ ಮಂಗಳವಾರ ಯಾವುದೆಂದು ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ಕೇಳಿಕೊಂಡೇ ಹೊರಡಿ. ಅಲ್ಲಿಯವರೆಗೆ ಟೆಲಿ ಮಾನಸ್ ಇದೆ: 14416, ಹಗಲೂ ರಾತ್ರಿ, ಉಚಿತ, ಕನ್ನಡದಲ್ಲೂ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ಇಂಟರ್‌ನೆಟ್ ಬೇಡ, ಬಟನ್ ಫೋನಿನಿಂದಲೂ ಕರೆ ಹೋಗುತ್ತದೆ. ಮಗುವೇ ಮಾತಾಡಬೇಕೆಂದಿಲ್ಲ, 'ನಾನೇನು ಮಾಡಲಿ' ಎಂದು ಅಪ್ಪಅಮ್ಮ, ವಾರ್ಡನ್ ಕೂಡ ಕೇಳಬಹುದು.

ವೈದ್ಯರ ಹತ್ತಿರ ಹೋಗುವಾಗ ಎಷ್ಟು ಸಲ, ಯಾವ ಹೊತ್ತಿನಲ್ಲಿ, ಅದಕ್ಕೆ ಮುಂಚೆ ಏನಾಗಿತ್ತು, ನಿದ್ದೆ ಊಟ ಹೇಗಿದೆ ಎಂದು ಬರೆದುಕೊಂಡು ಹೋಗಿ. ಒಂದಷ್ಟು ಹೊತ್ತು ಮಗು ಒಬ್ಬರೇ ವೈದ್ಯರ ಜೊತೆ ಮಾತಾಡಲಿ, ಹೊರಗೆ ಕಳಿಸಿದರೆಂದು ನೊಂದುಕೊಳ್ಳಬೇಡಿ. ಸ್ವಯಂ ಹಾನಿಗೆಂದೇ ಮಾತ್ರೆ ಇಲ್ಲ. ಜೊತೆಗೆ ಖಿನ್ನತೆಯೋ ಆತಂಕವೋ ಇದ್ದರೆ ಅದಕ್ಕೆ ಕೊಡುತ್ತಾರೆ. ಖಿನ್ನತೆಯ ಮಾತ್ರೆ ಹಿಡಿಯಲು ಎರಡರಿಂದ ಆರು ವಾರ ಬೇಕು, ಮೊದಲ ವಾರಗಳಲ್ಲಿ ಹರೆಯದವರಲ್ಲಿ ಚಡಪಡಿಕೆ ಹೆಚ್ಚಾಗಬಹುದು. ಆಗ ತಾವೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಹತ್ತು ದಿನಕ್ಕೆ ಗುಣ ಕಾಣಲಿಲ್ಲವೆಂದು ಬಿಡುವವರೂ, ತಿಂಗಳಿಗೆ ಆರಾಮಾಯಿತೆಂದು ಬಿಡುವವರೂ ಬಹಳ. ಎರಡನೇ ಭೇಟಿಯ ಬಸ್‌ಚಾರ್ಜನ್ನು ಮೊದಲ ದಿನವೇ ತೆಗೆದಿಡಿ.

ಎರಡು ಮೂರು ತಿಂಗಳು ಸುಮ್ಮನಿದ್ದು ಮತ್ತೆ ಒಂದು ಗೀರು ಕಾಣಬಹುದು. 'ಇಷ್ಟು ಮಾಡಿದ್ದೆಲ್ಲ ನೀರಿಗೆ ಹೋಯ್ತು' ಎಂದು ಮನೆಯವರಿಗೆ ಅನ್ನಿಸುತ್ತದೆ, ಮಗುವಿಗೆ ಅದಕ್ಕಿಂತ ಹೆಚ್ಚು ಅನ್ನಿಸಿರುತ್ತದೆ. ಎರಡು ಗೀರುಗಳ ನಡುವಿನ ಅಂತರ ಉದ್ದವಾಗುತ್ತಿದೆಯೇ, ಈ ಸಲ ತಾನೇ ಬಂದು ಹೇಳಿತೇ ಎಂದು ನೋಡಿ. ತಾನೇ ಬಂದು ಹೇಳಿದ್ದರೆ ಮೊದಲ ಅರ್ಧ ಗಂಟೆ ಸರಿಯಾಗಿ ನಡೆದಿತ್ತು ಎಂದರ್ಥ. ಬಟ್ಟೆ, ನೀರು, ಬ್ಯಾಂಡೇಜು, ಪಕ್ಕದಲ್ಲಿ ಕೂರುವುದು, ಎಲ್ಲವೂ ಮತ್ತೆ ಅದೇ ಕ್ರಮದಲ್ಲಿ.

ಕಲೆಗಳ ಬಗ್ಗೆ ಹೆಣ್ಣುಮಕ್ಕಳ ತಾಯಂದಿರು ಮೊದಲು ಕೇಳುವುದು ಮದುವೆಯ ಮಾತು. ಗಾಯ ಪೂರ್ತಿ ಒಣಗಿದ ಮೇಲೆ ಸಿಲಿಕೋನ್ ಜೆಲ್ಲನ್ನು ಕೆಲವು ತಿಂಗಳು ಬಿಡದೆ ಹಚ್ಚಿ, ಬಿಸಿಲಿನಿಂದ ಮುಚ್ಚಿಟ್ಟುಕೊಂಡರೆ ಕಲೆ ಮೆತ್ತಗಾಗಿ ಮಸುಕಾಗುತ್ತದೆ. ಒಂದು ವರ್ಷದವರೆಗೂ ಅದು ಬದಲಾಗುತ್ತಲೇ ಇರುತ್ತದೆ. ಯಾರಿಗೆ ಎಷ್ಟು ಹೇಳಬೇಕೆಂಬ ತೀರ್ಮಾನ ಮಗುವಿನದೇ. ನೆಂಟರ ಮನೆಯಲ್ಲಿ ಯಾರೋ ಕೈ ಹಿಡಿದು ಕೇಳಿಬಿಟ್ಟರೆ ಹೇಳಲು ಒಂದು ಸಾಲನ್ನು ಮೊದಲೇ ಜೊತೆಯಾಗಿ ಯೋಚಿಸಿಡಿ: 'ಹಳೇ ಗಾಯ ಅತ್ತೆ, ಈಗ ಪರವಾಗಿಲ್ಲ.'